ಬ್ರೇಕು ಮೆತ್ತಗಾಗೈತೆ ಮಾವ

15 ಸೆಪ್ಟೆಂಬರ್ 2024, ಭಾನುವಾರ

ಬ್ರೇಕ್ ಲೈನಿನ ಗಾಳಿ ತೆಗೆಯುವುದು ಹಿಂದಿನ ಎಡ ಚಕ್ರದಿಂದ ಶುರು. ಯಾವಾಗಲೂ ಅಲ್ಲಿಂದಲೇ. ಬ್ರೇಕ್ ಆಯಿಲ್ ಡಬ್ಬಿಗೆ ತೀರಾ ದೂರದ ಚಕ್ರ ಅದು. ಜಾಕ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲಿಟ್ಟು, ಗೋಣಿಚೀಲ ಹಾಸಿಕೊಂಡು ಮಲಗಿದೆ. ಮಾವ ಡ್ರೈವರ್ ಸೀಟಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕೋಲನ್ನು ಹಿಂದಿನ ಸೀಟಿಗೆ ಒರಗಿಸಿ, ಗುಡಿಗೆ ಹೋದ ಹಾಗೆ ಕಾರೊಳಗೆ ಹೋಗುತ್ತಾರೆ. ಡ್ರೈವಿಂಗ್ ಬರುವುದಿಲ್ಲ. ಬ್ರೇಕ್ ಮಾತ್ರ ಬರುತ್ತದೆ.

ನಾನು ‘ಒತ್ರಿ’ ಅನ್ನಬೇಕು. ಅವರು ಮೂರು ನಾಲ್ಕು ಸಲ ಒತ್ತಿ ಕೊನೆಯದನ್ನು ಹಿಡಿದುಕೊಳ್ಳಬೇಕು. ‘ಹಿಡ್ಕಂಡ್ರಾ ಮಾವ?’ ಅಂತ ನಾನು. ‘ಹಿಡ್ದೀನವ್ವ’ ಅಂತ ಅವರು. ಆಗ ನಾನು ಚಕ್ರದ ಹಿಂದಿನ ನಿಪ್ಪಲ್, ಗಾಳಿ ಬಿಡುವ ಸಣ್ಣ ಸ್ಕ್ರೂ, ಸಡಿಲಿಸುವುದು. ಮೊದಲು ಗುಳ್ಳೆ ಗುಳ್ಳೆಯಾಗಿ ಗಾಳಿ, ಹಿಂದೆಯೇ ಆಯಿಲ್. ಪೆಡಲ್ ಇಳಿಯುತ್ತದೆ, ಕಾಲೂ ಜೊತೆಗೆ ಇಳಿಯಬೇಕು. ನಾನು ಮತ್ತೆ ಬಿಗಿ ಮಾಡುವ ತನಕ ಎತ್ತುವಂತಿಲ್ಲ. ಎತ್ತಿದರೆ ಗಾಳಿ ವಾಪಸು ಒಳಗೆ, ಮಾಡಿದ್ದೆಲ್ಲ ನೀರಿಗೆ. ಮಾವ ಇದುವರೆಗೆ ಒಂದು ಸಲವೂ ಮುಂಚೆ ಎತ್ತಿಲ್ಲ. ನನ್ನ ಸ್ಕೂಲಿನ ಮೂರನೇ ಕ್ಲಾಸಿನ ಮಕ್ಕಳಿಗೆ ಇವರನ್ನು ತೋರಿಸಬೇಕು.

‘ನೆಲ ತಣ್ಣಗೈತೆ, ಕಂಬಳಿ ಹಾಸ್ಕಳವ್ವ’ ಅಂತ ಇವತ್ತೂ ಹೆಗಲಿನ ಕರಿಕಂಬಳಿ ಕೊಡಲು ಬಂದರು. ಇವತ್ತೂ ಬೇಡ ಅಂದೆ. ನಮ್ಮ ಮದುವೆಯಲ್ಲಿ ಗದ್ದುಗೆಗೆ ಹಾಸಿದ ಕಂಬಳಿ ಅದು. ಅದರ ಮೇಲೆ ಗ್ರೀಸ್ ಮೆತ್ತಿಕೊಂಡು ಮಲಗುವುದಾ?

ಮನೆ ಓನರ್ ಹನುಮಮ್ಮ ಕಾಂಪೌಂಡ್ ಆಚೆಯಿಂದ ಕೇಳಿದರು, ಆ ಯಜಮಾನರು ನಿಮ್ಮ ತಂದೆಯಾ ಅಂತ. ಅಲ್ಲ, ಗಂಡನ ಅಪ್ಪ ಅಂದೆ. ಗಂಡ ಎಲ್ಲಿ ಅಂತ ಕೇಳಲಿಲ್ಲ. ಹೊಸದುರ್ಗಕ್ಕೆಲ್ಲ ಗೊತ್ತಿದೆ. ಕಿರಣ್ ಚಿತ್ರದುರ್ಗದಲ್ಲಿ ಮೋನಿಕಾ ಜೊತೆ ಮನೆ ಮಾಡಿ ಎರಡು ವರ್ಷವಾಯಿತು. ಗಂಡ ಬಿಟ್ಟು ಹೋದ, ಗಂಡನ ಅಪ್ಪ ಬಿಡಲಿಲ್ಲ. ಇದನ್ನು ಕಾಂಪೌಂಡ್ ಪಕ್ಕ ನಿಂತು ವಿವರಿಸಲು ಆಗುತ್ತದಾ?

ಊಟ — ಮುದ್ದೆ, ಹುರುಳಿಕಾಳು ಸಾರು. ‘ನಿಮ್ಮತ್ತೆ ಕೈ ರುಚಿ ಬಂದೈತೆ’ ಅಂದರು. ಸುಳ್ಳು. ಉಪ್ಪು ಜಾಸ್ತಿಯಾಗಿತ್ತು. ಎರಡು ಮುದ್ದೆ ಉಂಡು ನಾಲ್ಕರ ಬಸ್ಸಿಗೆ ಹೋದರು.

16 ಸೆಪ್ಟೆಂಬರ್, ಸೋಮವಾರ

ಪೆಡಲ್ ಕಲ್ಲಿನ ಹಾಗೆ. ಸ್ಕೂಲಿನಿಂದ ಬರುವಾಗ ಮತ್ತೋಡು ದಾಟಿದ ಮೇಲಿನ ಇಳಿಜಾರಿನಲ್ಲಿ ಬೇಕೆಂದೇ ಜೋರಾಗಿ ಒತ್ತಿ ನೋಡಿದೆ. ನಮ್ಮ ಮಾರುತಿ ಎಂಟ್ನೂರು ನಿಂತಲ್ಲೇ ನಿಂತಿತು, ಹಿಂದಿನ ಸೀಟಿನ ಹೋಂವರ್ಕ್ ಪುಸ್ತಕಗಳೆಲ್ಲ ಕೆಳಗೆ. ಹದಿನೈದು ವರ್ಷಕ್ಕೆ ಬಂದ ಗಾಡಿಗೆ ಇಂಥ ಬ್ರೇಕ್!

ಖುಷಿಯಾಗಬೇಕಿತ್ತು. ಆಗಲಿಲ್ಲ. ಇನ್ನು ಮಾವ ಬರಲು ಕಾರಣವೇ ಇಲ್ಲ.

27 ಸೆಪ್ಟೆಂಬರ್, ಶುಕ್ರವಾರ

ಫೋನ್ ಮಾಡಿದೆ.

‘ಬ್ರೇಕು ಮೆತ್ತಗಾಗೈತೆ ಮಾವ’ ಅಂದೆ.

ಆಗಿಲ್ಲ. ಹಸಿ ಸುಳ್ಳು. ಹೇಳಿದ ಮೇಲೆ ಕಿವಿಯೆಲ್ಲ ಬಿಸಿಯಾಯಿತು.

ಸುಮ್ಮನೆ ‘ಬನ್ನಿ’ ಅನ್ನಬಹುದಿತ್ತು. ಅಂದರೆ ಅವರು ಬರುವ ಹಾಗಿಲ್ಲ. ಆದಿವಾಲದಲ್ಲಿ ಕುರಿ ಬಿಟ್ಟು ಬರಬೇಕು, ಹಿರಿಯೂರಲ್ಲಿ ಬಸ್ ಬದಲಾಯಿಸಬೇಕು, ಕಿರಣ್‌ನ ಅಣ್ಣ ಕನಕರಾಜ್ ಭಾವ ಎಲ್ಲಿಗೆ ಅಂತ ಕೇಳುತ್ತಾರೆ. ಮಗ ಬಿಟ್ಟ ಸೊಸೆಯನ್ನು ನೋಡಲು ಅಂದರೆ ಮಾತು ಬೆಳೆಯುತ್ತದೆ. ಗಾಡಿ ಕೆಲಸಕ್ಕೆ ಅಂದರೆ ಯಾರೂ ಏನೂ ಅನ್ನುವುದಿಲ್ಲ. ಕೆಲಸ ಕೆಲಸವೇ.

ತವರು ರಾಮಗಿರಿ ಹತ್ತಿರವೇ ಇದೆ. ಅಲ್ಲಿ ಅಣ್ಣ ಅತ್ತಿಗೆ. ಹೋದರೆ ಕಾಫಿ ಕೊಟ್ಟು, ‘ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕಬೇಕಿತ್ತು’ ಅಂತ ಹೇಳಿ ಕಳಿಸುತ್ತಾರೆ. ನನಗೆ ಅಂತ ಊಟದ ಮುಂದೆ ಕೂತು ‘ಇನ್ನೊಂದ್ ಚೂರು ಸಾರು ಬಿಡವ್ವ’ ಅನ್ನುವವರು ಈ ಜಿಲ್ಲೆಯಲ್ಲಿ ಒಬ್ಬರೇ.

29 ಸೆಪ್ಟೆಂಬರ್, ಭಾನುವಾರ

ಬಂದರು. ಸರಿ ಇದ್ದ ಬ್ರೇಕನ್ನು ನಾಲ್ಕೂ ಚಕ್ರ ಎತ್ತಿ ಸರಿ ಮಾಡಿದೆವು. ಒಳ್ಳೇ ಆಯಿಲ್ ಬಾಟಲಿಗೆ ಬಸಿದು ಹೋಯಿತು. ಒಂದು ಹನಿ ಬಾಗಿಲಿಗೆ ಬಿತ್ತು, ಓಡಿ ಹೋಗಿ ನೀರು ಸುರಿದೆ, ಇಲ್ಲದಿದ್ದರೆ ಪೇಂಟ್ ತಿಂದು ಹಾಕುತ್ತದೆ. ಸುಳ್ಳಿಗೆ ತಕ್ಕ ಶಾಸ್ತಿ.

ಇನ್ನೊಂದು ವಿಷಯ. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು ಅಂತಿಲ್ಲ. ಯೂಟ್ಯೂಬಿನಲ್ಲಿ ನೋಡಿದ್ದೇನೆ — ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟರೆ ಗಾಳಿ ವಾಪಸು ಹೋಗದು. ಒಬ್ಬರೇ ಮಾಡಬಹುದು. ಮಾವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಕೈ ಒರೆಸಲು ಬಟ್ಟೆ ಬೇಕಾಗಿ ಮಾವ ಡ್ಯಾಶ್‌ಬೋರ್ಡಿನ ಡಬ್ಬ ತೆಗೆದರು. ತಾಳಿ ಅಲ್ಲೇ ಇದೆ, ಹಳೇ ಫ್ಯೂಸ್‌ಗಳ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ. ಕಿರಣ್ ಬಿಟ್ಟು ಹೋದ ವರ್ಷ, ನಾನು ಕಾರಿನ ಕೆಳಗೆ ಮಲಗಿದ್ದಾಗ ಎಲ್ಲೋ ಸಿಕ್ಕಿಹಾಕಿಕೊಂಡಿತು ಅಂತ ಬಿಚ್ಚಿ ಇಟ್ಟಿದ್ದು. ಮತ್ತೆ ಹಾಕಿಕೊಳ್ಳಲಿಲ್ಲ. ಮನೆಯೊಳಗೆ ತಂದಿಡಲೂ ಮನಸ್ಸು ಬರಲಿಲ್ಲ. ಬಟ್ಟೆ ತಗೊಂಡು ಡಬ್ಬ ಮುಚ್ಚಿದರು. ಕಂಡಿರಲಿಕ್ಕಿಲ್ಲ.

11 ಅಕ್ಟೋಬರ್, ಶುಕ್ರವಾರ. ಆಯುಧಪೂಜೆ

ಕರೆಯದೆ ಬಂದರು! ಗಾಡಿಗೆ ಪೂಜೆ ಮಾಡಬೇಕಲ್ಲ, ಅದು ಕೆಲಸದ ಲೆಕ್ಕಕ್ಕೆ ಬರುತ್ತದೆ.

ಬೀರಪ್ಪದೇವರ ಭಂಡಾರ ತಂದಿದ್ದರು. ಬಾನೆಟ್ ಮೇಲೆ ಅರಿಶಿನದ ಮೂರು ಬೆರಳು. ಚಕ್ರಕ್ಕೆ ನಿಂಬೆಹಣ್ಣು. ಕೊನೆಗೆ ಹಿಂದಿನ ಬಾಗಿಲು ತೆಗೆದು ಸೀಟಿಗೂ ಭಂಡಾರ ಹಚ್ಚಿದರು. ಸೀಟಿಗೆ ಯಾಕೆ ಅಂತ ನಾನು ಕೇಳಲಿಲ್ಲ. ಗಂಗಕ್ಕತ್ತೆಯನ್ನು ಆದಿವಾಲದಿಂದ ಹಿರಿಯೂರಿಗೆ, ಹಿರಿಯೂರಿನಿಂದ ದುರ್ಗಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಆ ಸೀಟಿನಲ್ಲೇ. ನಾನೇ ಓಡಿಸಿದ್ದು. ಕಿರಣ್ ಫೋನ್ ತೆಗೆದಿರಲಿಲ್ಲ. ದಾರಿಯುದ್ದಕ್ಕೂ ಅತ್ತೆ ನನ್ನ ಸೀಟಿನ ಹಿಂದೆ ಕೈಯಿಟ್ಟುಕೊಂಡೇ ಇದ್ದರು. ವಾಪಸು ಬರುವಾಗ ಆ ಸೀಟಿನಲ್ಲಿ ಮಾವ ಒಬ್ಬರೇ.

ಕಲ್ಲು ಹೃದಯ ಅಂತಾರೆ ನನ್ನನ್ನು ಸ್ಟಾಫ್‌ರೂಮಿನಲ್ಲಿ. ಇರಲಿ. ಸೀಟಿಗೆ ಭಂಡಾರ ಹಚ್ಚಿದ ಆ ಬೆರಳು ನೋಡಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದೆ ಅಂತ ಹೇಳಿದೆ. ಈರುಳ್ಳಿಯೇ ಇಲ್ಲದ ಪಾಯಸಕ್ಕೆ.

21 ನವೆಂಬರ್, ಗುರುವಾರ

ದುರ್ಗದ ಕೋರ್ಟು. ಮುಗಿಯಿತು. ಇಬ್ಬರೂ ಒಪ್ಪಿ ಡೈವೋರ್ಸ್ ಅಂತ ಬರೆದಿದ್ದಾರೆ. ಒಪ್ಪಿದ್ದು ನಿಜ. ಒಪ್ಪದೆ ಇನ್ನೇನು ಮಾಡುವುದು, ಅವನಿಗೆ ಮಗ ಹುಟ್ಟಿದ್ದಾನೆ. ಹೋದ ತಿಂಗಳು. ಲಾಯರ್ ಬಾಯಿಂದ ಗೊತ್ತಾಯಿತು.

ಹನ್ನೊಂದು ವರ್ಷ ನನ್ನಿಂದ ಆಗದ ಕೆಲಸ.

ವರಾಂಡದಲ್ಲಿ ಕಿರಣ್ ಎದುರಿಗೆ ಬಂದ. ಏನಾದರೂ ಹೇಳುತ್ತಾನೆ ಅಂದುಕೊಂಡೆ. ‘ಗಾಡಿ ಇನ್ನೂ ಓಡ್ತೈತಾ?’ ಅಂದ. ಓಡುತ್ತದೆ ಅಂದೆ. ಅಷ್ಟೇ. ನಮ್ಮಿಬ್ಬರ ಕೊನೆಯ ಮಾತು ಒಂದು ಎಂಟ್ನೂರಿನ ಬಗ್ಗೆ.

ಹೊಳಲ್ಕೆರೆ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲಕ್ಕೇರಿತು. ಹುಣಸೆಮರದ ಕೆಳಗೆ ನಿಲ್ಲಿಸಿದೆ. ರೇಡಿಯೇಟರಿನ ಪೈಪ್ ಕ್ಲಿಪ್ ಸಡಿಲ. ತಣ್ಣಗಾಗುವ ತನಕ ಕಾದು, ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿ, ಕುಡಿಯುವ ನೀರೆಲ್ಲ ಅದಕ್ಕೆ ಹೊಯ್ದೆ. ಸಮಾಧಾನವಾಗಿ ಕೂತು ಅಳುವುದಕ್ಕೂ ಪುರುಸೊತ್ತು ಕೊಡಲಿಲ್ಲ ಗಾಡಿ. ಅದಕ್ಕೆ ಪುಣ್ಯ ಬರಲಿ.

ದಾರಿಯೆಲ್ಲ ಒಂದೇ ಯೋಚನೆ. ಗಂಡ ಹೋದದ್ದಲ್ಲ, ಅದು ಹಳೇ ಸುದ್ದಿ. ಇನ್ನು ನಾನು ಮಾವನನ್ನು ಮಾವ ಅನ್ನಬಹುದಾ? ಕೋರ್ಟಿನಲ್ಲಿ ಅದನ್ನು ಯಾರೂ ಹೇಳಲಿಲ್ಲ.

8 ಡಿಸೆಂಬರ್, ಭಾನುವಾರ

ಗೇಟಿನ ಸದ್ದು. ನೋಡಿದರೆ ಮಾವ!

‘ಬ್ರೇಕು ನೋಡಾಣ ಅಂತ ಬಂದೆ.’

ನಾನು ಕರೆದಿರಲಿಲ್ಲ. ಕೋರ್ಟಿನ ಮೇಲೆ ಇನ್ನು ಬರುವುದೇ ಇಲ್ಲ ಅಂದುಕೊಂಡಿದ್ದೆ. ಜಾಕ್ ಹುಡುಕಲು ಓಡಿದೆ. ಕಣ್ಣೆದುರಿಗೇ ಇತ್ತು ಜಾಕ್.

ಎರಡು ಚಕ್ರ ಮಾಡಿದೆವು. ಊಟಕ್ಕೆ ಅವರೆಕಾಳು. ಮಾವ ಇವತ್ತು ಸರಿಯಾಗಿ ಉಣ್ಣಲಿಲ್ಲ. ಹೊರಟವರು ಗೇಟಿನ ತನಕ ಹೋಗಿ ವಾಪಸು ಬಂದರು. ‘ಏನೋ ಹೇಳ್ಬೇಕಿತ್ತವ್ವ... ಮರ್ತೋತು’ ಅಂದರು. ವಯಸ್ಸಾಯಿತು ಅನ್ನಿಸುತ್ತದೆ.

5 ಜನವರಿ 2025, ಭಾನುವಾರ

ಮತ್ತೆ ಬಂದರು. ಕರೆಯದೆ. ಬ್ರೇಕು ನೋಡಾಣ ಅಂತ.

ತುಂಬಾ ಸಂತೋಷ. ಬರೆದಿಡಬೇಕು, ಇಂಥದ್ದು ಈ ಪುಸ್ತಕದಲ್ಲಿ ಅಪರೂಪ. ಕೋರ್ಟು ಬಿಡಿಸಿದ್ದು ಅವರ ಮಗನಿಂದ, ಅವರಿಂದಲ್ಲ. ಹಾಗಂತ ಅವರೇ ತೀರ್ಮಾನ ಮಾಡಿಕೊಂಡಿದ್ದಾರೆ ಅಂತ ನನ್ನ ಲೆಕ್ಕ.

ಹ್ಯಾಂಡ್‌ಬ್ರೇಕ್ ಕೇಬಲ್ಲಿಗೂ ಗ್ರೀಸ್ ಕೊಟ್ಟೆ. ಮಾರ್ಚಿಗೆ ಗಾಡಿಗೆ ಹದಿನೈದು ತುಂಬುತ್ತದೆ, ದುರ್ಗದ ಆರ್‌ಟಿಒದಲ್ಲಿ ತೋರಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು. ‘ಪಾಸಾಗ್ತೈತಾ?’ ಅಂತ ಕೇಳಿದರು. ಆಗದೆ ಏನು, ನೀವಿದ್ದೀರಲ್ಲ ಅಂದೆ. ಮುಖ ಆಚೆ ತಿರುಗಿಸಿದರು.

19 ಜನವರಿ, ಭಾನುವಾರ

ಇವತ್ತೂ. ಚಕ್ರ ಎತ್ತುವುದು ಬೇಡ, ಸುಮ್ಮನೆ ಕುಂತ್ಕಳ್ರಿ ಅಂದೆ. ‘ಇಲ್ಲ, ಕೆಲ್ಸ ಮಾಡಾಣ’ ಅಂದರು. ಮಾಡಿದೆವು. ಪೆಡಲ್ ಹಿಡಿದು ಕೂತಾಗ ಒಂದು ಸಲ ‘ನೇತ್ರವ್ವ’ ಅಂದರು. ‘ಏನು ಮಾವ?’ ಅಂದೆ. ‘ಏನಿಲ್ಲ. ಹಿಡ್ದೀನಿ.’

ಮೈ ಹುಷಾರಿಲ್ಲವೇನೋ. ದುರ್ಗಕ್ಕೆ ಕರೆದುಕೊಂಡು ಹೋಗಿ ಬಿಪಿ ಶುಗರ್ ತೋರಿಸಬೇಕು.

24 ಜನವರಿ, ಶುಕ್ರವಾರ

ಸಂಜೆ ಭಾವನ ಫೋನ್. ಕನಕರಾಜ್ ಯಾವತ್ತೂ ಮಾಡುವವರಲ್ಲ. ಮಾವನಿಗೆ ಏನೋ ಆಯಿತು ಅಂತ ಕೈಯಲ್ಲಿದ್ದ ಚಾಕ್‌ಪೀಸ್ ಡಬ್ಬಿ ಬಿಟ್ಟೆ.

ಏನೂ ಆಗಿಲ್ಲ. ಭಾವ ಕೆಟ್ಟವರಲ್ಲ, ತಡವರಿಸಿಕೊಂಡೇ ಹೇಳಿದರು. ಮುಂದಿನ ತಿಂಗಳು ಮಗುವಿಗೆ ಆದಿವಾಲದಲ್ಲಿ ಹೆಸರು ಕಟ್ಟುತ್ತಾರೆ. ಅವತ್ತೇ ಮೋನಿಕಾಳನ್ನು ಮನೆ ತುಂಬಿಸಿಕೊಳ್ಳುವುದು. ಅವರ ಮನೆತನದ ಕಟ್ಟಳೆ ಒಂದಿದೆ — ಹಳೇ ತಾಳಿ ಹೊರಗಿರುವಾಗ ಹೊಸಬಳನ್ನು ಹೊಸಿಲು ದಾಟಿಸುವ ಹಾಗಿಲ್ಲ. ತಾಳಿ ವಾಪಸು ಬಂದು ದೇವರ ಮುಂದೆ ಇಳಿಯಬೇಕು. ಮದುವೆಯಲ್ಲಿ ಗದ್ದುಗೆಯ ಮೇಲೆ ಅದನ್ನು ಎತ್ತಿ ಕೊಟ್ಟ ಹಿರಿಯರೇ ಬಂದು, ಬಾಯಿ ಬಿಟ್ಟು ಕೇಳಿ, ತಗೊಂಡು ಹೋಗಬೇಕು. ಬೇರೆಯವರು ಬರುವಂತಿಲ್ಲ, ಕಳಿಸುವಂತಿಲ್ಲ.

ಎತ್ತಿ ಕೊಟ್ಟವರು ಮಾವ.

‘ಮೂರ್ ಸಲ ಕಳ್ಸಿದ್ವಿ ಕಣಮ್ಮ. ಮೂರ್ ಸಲಾನೂ ಬರೀ ಕೈಲಿ ಬಂದು, ಬ್ರೇಕು ರಿಪೇರಿ ಇತ್ತು ಅಂತಾನೆ ಅಪ್ಪ. ನೀನೇ ಏನಾರ ಮಾಡು.’

ಆಯಿತು ಅಂದೆ.

ಮೊದಲು ಸಿಟ್ಟು ಬಂತು. ಡಿಸೆಂಬರ್, ಜನವರಿಯ ಆ ಪುಟಗಳನ್ನು ಹರಿದು ಹಾಕೋಣ ಅನ್ನಿಸಿತು. ಎಂಥ ಪೆದ್ದಿ ನಾನು. ಕುಣಿದಾಡಿಕೊಂಡು ಅವರೆಕಾಳು ಬೇಯಿಸಿದೆನಲ್ಲ. ಅವರು ಬಂದಿದ್ದು ನನಗಾಗಿ ಅಂದುಕೊಂಡೆ, ಅವರು ಬಂದಿದ್ದು ಅದಕ್ಕೆ.

ಒಲೆ ಮೇಲೆ ಹಾಲು ಉಕ್ಕಿ ಹೋಯಿತು. ಒರೆಸುತ್ತಾ ಒರೆಸುತ್ತಾ ಸಿಟ್ಟು ಇಳಿದು ಇನ್ನೊಂದು ಬಂತು. ಕೇಳಲು ಬಂದವರು ಕೇಳದೆ ಹೋದರು. ಅಷ್ಟು ದೂರ ಎರಡು ಬಸ್ಸು ಹತ್ತಿ ಬಂದು, ಏನೂ ಆಗದ ಬ್ರೇಕನ್ನು ಒತ್ತಿ ಹಿಡಿದುಕೊಂಡು ಕೂತು, ಕೇಳಲಾಗದೆ, ಮನೆಗೆ ಹೋಗಿ ಸುಳ್ಳು ಹೇಳಿದರು. ನನ್ನದೇ ಸುಳ್ಳನ್ನು.

31 ಜನವರಿ, ಶುಕ್ರವಾರ

ಒಂದು ವಾರ ಯೋಚನೆ ಮಾಡಿದೆ. ಕೊಡದೆ ಇದ್ದರೆ? ಕೊಡುವ ತನಕ ಅವರು ಬರುತ್ತಲೇ ಇರಬೇಕು. ತಿಂಗಳಿಗೆ ಎರಡು ಭಾನುವಾರ. ಬ್ರೇಕು ನೋಡಾಣ ಅಂತ. ಎಷ್ಟು ಚೆನ್ನ!

ಮತ್ತು ಅಲ್ಲಿ ಒಂದು ಮಗು ಹೆಸರಿಲ್ಲದೆ ಮಲಗಿರುತ್ತದೆ. ಮಾವ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ. ಎಷ್ಟು ವರ್ಷ ಕಾದಿದ್ದರು ಮೊಮ್ಮಗನಿಗೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನ್ನ ಮುಂದೆ ಒಂದು ದಿನ ಆ ಮಾತು ಎತ್ತಿದವರಲ್ಲ.

ಅವರ ಬಾಯಲ್ಲಿ ಆ ಮಾತು ಬರಬಾರದು. ಕೇಳಿಸಿಕೊಳ್ಳುವ ಧೈರ್ಯ ನನಗೂ ಇಲ್ಲ.

ಫೋನ್ ಮಾಡಿದೆ. ‘ಬ್ರೇಕು ಮೆತ್ತಗಾಗೈತೆ ಮಾವ’ ಅಂದೆ. ‘ಬತ್ತೀನಿ ತಾಯಿ’ ಅಂದರು.

2 ಫೆಬ್ರವರಿ, ಭಾನುವಾರ

ಬರೆಯುವುದೋ ಬೇಡವೋ. ಬರೆಯುತ್ತೇನೆ.

ನಾಲ್ಕೂ ಚಕ್ರ ಮಾಡಬೇಕು ಇವತ್ತು ಅಂದೆ. ಸರಿ ಅಂದರು. ಕಂಬಳಿ ಕೊಡಲು ಬಂದರು. ಇವತ್ತು ಬೇಡ ಅನ್ನಲಿಲ್ಲ. ಹಾಸಿಕೊಂಡು ಮಲಗಿದೆ. ಉಣ್ಣೆಯ ವಾಸನೆ, ಕುರಿಹಟ್ಟಿಯ ವಾಸನೆ, ಬೀಡಿಯ ವಾಸನೆ. ಮದುವೆಯ ದಿನ ಚುಚ್ಚಿತ್ತು, ಇವತ್ತೂ ಚುಚ್ಚಿತು.

ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ. ಎಂದಿನ ಮಾತು ಬಿಟ್ಟು ಇನ್ನೊಂದು ಮಾತಿಲ್ಲ. ಒತ್ರಿ. ಹಿಡ್ಕಂಡ್ರಾ ಮಾವ. ಹಿಡ್ದೀನವ್ವ. ಬಿಡ್ರಿ.

ಕೊನೆಗೆ ಮುಂದಿನ ಬಲ ಚಕ್ರ. ಅಲ್ಲಿ ಮಲಗಿದರೆ ತೆರೆದ ಬಾಗಿಲಿನಿಂದ ಮಾವನ ಮುಖ ಕಾಣುವುದಿಲ್ಲ, ಪಾದ ಕಾಣುತ್ತದೆ. ಬಿರುಕು ಬಿಟ್ಟ ಹಿಮ್ಮಡಿ, ಪೆಡಲ್ ಮೇಲೆ ಐದು ಬೆರಳು. ಹಿಡ್ದೀನವ್ವ ಅಂದರು. ನಿಪ್ಪಲ್ ಸಡಿಲಿಸಿದೆ. ಪೆಡಲ್ ಇಳಿಯಿತು, ಪಾದ ಇಳಿಯಿತು. ಆಗ ಹೇಳಿದೆ. ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

‘ಕನಕರಾಜ್ ಭಾವ ಫೋನ್ ಮಾಡಿದ್ರು ಮಾವ. ನಂಗೆ ಎಲ್ಲಾ ಗೊತ್ತೈತೆ. ನೀವು ಕೇಳ್ಬ್ಯಾಡ್ರಿ. ನಾನೇ ಕೊಡ್ತೀನಿ.’

ಪಾದ ಎತ್ತಲಿಲ್ಲ. ನಾನು ಬಿಗಿ ಮಾಡಿದೆ, ಬಿಡ್ರಿ ಅನ್ನುವುದನ್ನು ಮರೆತೆ. ಅವರು ಹಾಗೇ ಹಿಡಿದುಕೊಂಡು ಕೂತಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ. ಎದ್ದು ಹೋಗಿ ‘ಬಿಡ್ರಿ ಮಾವ’ ಅಂದ ಮೇಲೆ ಕಾಲು ತೆಗೆದರು.

ಕಾರೊಳಗೇ ಕೂತೆವು, ಅವರು ಡ್ರೈವರ್ ಸೀಟಿನಲ್ಲಿ, ನಾನು ಪಕ್ಕದಲ್ಲಿ. ಸ್ಟೀರಿಂಗ್ ನೋಡಿಕೊಂಡು ಮಾತಾಡಿದರು.

‘ಪೆಡ್ಲು ಕಲ್ಲಿನಂಗಿತ್ತಲ್ಲವ್ವ, ಹೋದ್ ಮಾನೋಮಿ ಹಬ್ಬದ ಮುಂಚಿಂದ್ಲೂ. ನನ್ ಕಾಲಿಗೆ ಅಷ್ಟೂ ತಿಳೀದಾ? ನೀನ್ ಕರ್ದೆ, ನಾನ್ ಬಂದೆ.’

ಗೊತ್ತಿತ್ತು. ಮೊದಲನೇ ಸುಳ್ಳಿನಿಂದಲೇ ಗೊತ್ತಿತ್ತು.

‘ಈ ಡಬ್ಬದಾಗೆ ಐತೆ ಅಂತ್ಲೂ ಗೊತ್ತಿತ್ತು. ಅರಿವೆ ಹುಡುಕ್ವಾಗ ಕಂಡಿದ್ದೆ. ಕೇಳ್ದೆ ತಗಂಡ್ರೆ ಕಳ್ಳತನ ಆಗ್ತೈತೆ. ಕೇಳಾಣ ಅಂದ್ರೆ ಬಾಯೇ ಬರಲ್ದು.’

ಡಬ್ಬ ತೆಗೆದೆ. ಕವರು ಬಿಚ್ಚಿದೆ. ಕರಿಮಣಿಗೆ ಆಯಿಲ್ ಜಿಡ್ಡು ಹತ್ತಿತ್ತು, ಸೆರಗಿನಲ್ಲಿ ಒರೆಸಿದೆ. ಅವರು ಬರಿಗೈ ಒಡ್ಡಲಿಲ್ಲ. ಕೆಳಗಿಳಿದು, ನಾನು ಮಲಗಿದ್ದ ಕಂಬಳಿ ಕೊಡವಿ, ಮಡಿಲಿಗೆ ಹಾಸಿಕೊಂಡು ನೆಲದ ಮೇಲೆ ಕೂತರು. ಅದರೊಳಗೆ ಇಟ್ಟೆ. ಮದುವೆಯಲ್ಲಿ ಕುರಿ ಹಾಲು ಮುಟ್ಟಿಸಿ ಎತ್ತಿ ಕೊಟ್ಟ ಕೈಯಲ್ಲೇ ಮಡಚಿಕೊಂಡರು. ದೊಡ್ಡ ಗಂಡಸು ಬಾಯಿ ಬಿಟ್ಟು ಅತ್ತರು. ಹನುಮಮ್ಮ ಕಾಂಪೌಂಡ್ ಹತ್ತಿರ ಬಂದವರು ಒಳಗೆ ಹೋಗಿಬಿಟ್ಟರು. ಅವರಿಗೂ ಒಳ್ಳೆಯದಾಗಲಿ.

ಮಗುವಿಗೆ ಏನು ಹೆಸರಿಡ್ತೀರಿ ಅಂತ ಕೇಳಿದೆ. ಗಂಗಾಧರ ಅಂತೆ. ಅತ್ತೆಯ ಹೆಸರು ಉಳಿಯಲಿ ಅಂತ. ಚೆನ್ನಾಗಿದೆ ಅಂದೆ. ನಿಜವಾಗಿಯೂ ಚೆನ್ನಾಗಿದೆ.

ಬಸ್‌ಸ್ಟ್ಯಾಂಡಿಗೆ ನಾನೇ ಬಿಟ್ಟೆ. ಇಳಿಯುವ ಮೊದಲು ಹೇಳಿದರು. ‘ಇನ್ನು ಬರಾಕಾಗಲ್ಲವ್ವ. ಮನಿಗೆ ಒಬ್ಬಾಕಿ ಬತ್ತಾಳೆ. ಆಕಿ ಮನ್ಸೂ ನೋಡ್ಬೇಕಲ್ಲ.’

ನೋಡಬೇಕು. ಸರಿಯಾದ ಮಾತು. ಅದು ಸರಿಯಾದ ಮಾತು ಅನ್ನುವುದೇ ನನಗೆ ತಡೆಯಲಾಗುತ್ತಿಲ್ಲ. ತಪ್ಪು ಮಾತಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ತಲೆ ಮೇಲೆ ಕೈಯಿಟ್ಟರು. ಬಸ್ಸು ಬಂತು.

ಮನೆಗೆ ಬಂದು ನೋಡಿದರೆ ಕೋಲು ಹಿಂದಿನ ಸೀಟಿನಲ್ಲೇ ಇದೆ.

3 ಫೆಬ್ರವರಿ, ಸೋಮವಾರ

ಕೋಲು ಬಿಟ್ಟು ಹೋಗಿದ್ದೀರಿ ಅಂತ ಫೋನ್ ಮಾಡಲು ನಂಬರ್ ಒತ್ತಿದೆ. ಕಟ್ ಮಾಡಿದೆ. ಕುರಿ ಕಾಯುವವರು ಕೋಲು ಮರೆಯುತ್ತಾರಾ?

16 ಫೆಬ್ರವರಿ, ಭಾನುವಾರ

ಇವತ್ತು ಹೆಸರು ಕಟ್ಟುವ ದಿನ. ಬೆಳಿಗ್ಗೆಯಿಂದ ಮನೆ ತೊಳೆದೆ. ಸ್ಪಾರ್ಕ್‌ಪ್ಲಗ್ ಮೂರೂ ಬಿಚ್ಚಿ ಎಮೆರಿ ಪೇಪರಿನಲ್ಲಿ ಉಜ್ಜಿದೆ. ಏರ್ ಫಿಲ್ಟರ್ ಕೊಡವಿದೆ. ಬ್ಯಾಟರಿ ಟರ್ಮಿನಲ್ಲಿಗೆ ಬಿಸಿನೀರು ಹೊಯ್ದೆ. ಮಧ್ಯಾಹ್ನದ ಹೊತ್ತಿಗೆ ಕಾರಿನಲ್ಲಿ ರಿಪೇರಿ ಮಾಡಲು ಏನೂ ಉಳಿಯಲಿಲ್ಲ.

ಒಬ್ಬಳಿಗೇ ಮುದ್ದೆ ತಿರುವುವುದು ದೊಡ್ಡ ರಗಳೆ. ಅನ್ನ ಮಾಡಿಕೊಂಡೆ.

12 ಮಾರ್ಚ್, ಬುಧವಾರ

ದುರ್ಗ. ಆರ್‌ಟಿಒ. ನನ್ನ ಮುಂದೆ ನಿಂತಿದ್ದ ವ್ಯಾನಿಗೆ ಮುಂದಿನ ವಾರ ಬಾ ಅಂದರು. ಲೈಟು, ವೈಪರ್, ಹಾರ್ನ್ ಆಯಿತು. ಇನ್ಸ್‌ಪೆಕ್ಟರ್ ತಾವೇ ಕೂತು ಓಡಿಸಿ ಬ್ರೇಕ್ ಒತ್ತಿದರು. ಎಂಟ್ನೂರು ನೆಲ ಕಚ್ಚಿ ನಿಂತಿತು.

‘ಚೆನ್ನಾಗಿದೆಯಲ್ಲ ಮೇಡಂ. ಯಾರ ಹತ್ರ ಮಾಡಿಸ್ತೀರಿ?’

‘ಮನೇಲೇ ಸರ್. ಮಾವ ಇದಾರೆ.’

ಇದಾರೆ ಅಂದೆ. ಬಾಯಿಗೆ ಹಾಗೇ ಬಂತು.

ಹಿಂದಿನ ಸೀಟಿನ ಕೋಲು ಯಾಕೆ ಅಂತ ಕೇಳಿದರು. ನಾಯಿಗಳ ಕಾಟ ಅಂದೆ. ಪಾಸಾಯಿತು. ಇನ್ನೂ ಐದು ವರ್ಷ ಓಡಿಸಬಹುದು. ಹೊರಗೆ ಬಂದು ಫೋನ್ ತೆಗೆದೆ, ಪಾಸಾಯಿತು ಮಾವ ಅಂತ ಹೇಳಲು. ಇಷ್ಟನ್ನಾದರೂ ಹೇಳಬಹುದಲ್ಲ. ರಿಂಗ್ ಆಯಿತು. ಯಾರೋ ತೆಗೆದರು. ಮಾತಿಗೆ ಮೊದಲು ಮಗುವಿನ ಕೇಕೆ ಕೇಳಿಸಿತು, ಹಿಂದೆ ಮಾವನ ನಗು. ಅಷ್ಟು ಜೋರಾಗಿ ನಗುತ್ತಾರೆ ಅಂತ ಗೊತ್ತೇ ಇರಲಿಲ್ಲ.

ಕಟ್ ಮಾಡಿದೆ.

14 ಮೇ, ಬುಧವಾರ

ಬೇಸಿಗೆ ರಜೆ. ಹಿರಿಯೂರಿಗೆ ಹೋಗಿದ್ದೆ, ಸಹೋದ್ಯೋಗಿಯ ಮನೆಯ ಗೃಹಪ್ರವೇಶ. ಬರುವಾಗ ಆದಿವಾಲದ ಕಡೆಗೆ ಹೋಗಬೇಕಾದ ಕೆಲಸವೇ ಇರಲಿಲ್ಲ. ಆದರೂ ಸ್ವಲ್ಪ ದೂರ ಹೋದೆ. ರಸ್ತೆ ಪಕ್ಕ ಒಂದು ಮಂದೆ. ಕರಿಕಂಬಳಿ. ನಿಧಾನ ಮಾಡಿದೆ.

ಬೇರೆ ಯಾರೋ. ತಿರುಗಿಸಿಕೊಂಡು ಬಂದೆ.

12 ಜೂನ್, ಗುರುವಾರ

ಇವತ್ತು ಸಾಯುತ್ತಿದ್ದೆ. ಅಥವಾ ಸಾಯಿಸುತ್ತಿದ್ದೆ.

ಸ್ಕೂಲಿನಿಂದ ಬರುವಾಗ ಮತ್ತೋಡಿನ ಹತ್ತಿರದ ಅದೇ ಇಳಿಜಾರು. ತಿರುವಿನಲ್ಲಿ ಕುರಿ ಮಂದೆ ರಸ್ತೆ ತುಂಬಾ. ಬ್ರೇಕ್ ಒತ್ತಿದೆ. ಪೆಡಲ್ ಸೀದಾ ಕೆಳಗೆ ಹೋಯಿತು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಎತ್ತಿ, ಮಣ್ಣಿನ ದಿಬ್ಬಕ್ಕೆ ಬಿಟ್ಟೆ. ನಿಂತಿತು. ಒಂದು ಮರಿ ಬಂಪರಿನ ಮುಂದೆಯೇ ನಿಂತು ನನ್ನನ್ನು ನೋಡಿತು.

ಕುರಿಯವರು ಬಂದು ಬಯ್ದರು. ಸರಿಯಾಗಿಯೇ ಬಯ್ದರು. ಬಯ್ಯುತ್ತಿದ್ದವರು ಹಿಂದಿನ ಸೀಟಿನಲ್ಲಿ ಕೋಲು ಕಂಡು ಸುಮ್ಮನಾದರು. ‘ಯಾರದವ್ವ ಇದು?’ ಅಂದರು. ನಮ್ಮ ಮಾವಂದು ಅಂದೆ. ಗಾಡಿ ತಳ್ಳಿ ರಸ್ತೆಗೆ ತಂದುಕೊಟ್ಟರು. ಹ್ಯಾಂಡ್‌ಬ್ರೇಕಿನಲ್ಲೇ ಇಪ್ಪತ್ತರ ಸ್ಪೀಡಿನಲ್ಲಿ ಮನೆಗೆ ಬಂದೆ.

ಮುಂದಿನ ಚಕ್ರದ ರಬ್ಬರ್ ಪೈಪ್ ಬಿರಿದಿದೆ. ಆಯಿಲ್ ಎಲ್ಲ ಸೋರಿ ಹೋಗಿದೆ. ಲೈನಿನ ತುಂಬಾ ಗಾಳಿ.

15 ಜೂನ್, ಭಾನುವಾರ

ಪೈಪ್ ಬದಲಾಯಿಸಿದೆ. ಹೊಸ ಆಯಿಲ್ ತುಂಬಿದೆ. ಇನ್ನು ಗಾಳಿ ತೆಗೆಯಬೇಕು, ನಾಲ್ಕೂ ಚಕ್ರ.

ಇವತ್ತು ಬ್ರೇಕು ನಿಜವಾಗಿ ಮೆತ್ತಗಾಗಿದೆ. ಇವತ್ತು ಹೇಳಿದರೆ ಸುಳ್ಳಲ್ಲ. ಫೋನ್ ಬಾನೆಟ್ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ನಿಂತಿದ್ದೆ. ಹನುಮಮ್ಮ ತಾವೇ ಬಂದು, ನಾನು ಒತ್ತಲಾ ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಬೇಡ, ಒಬ್ಬಳೇ ಮಾಡಬಹುದು ಇದನ್ನ ಅಂದೆ.

ಮಾಡಬಹುದು. ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಬಾಟಲಿಯಲ್ಲಿ ಮುಳುಗಿಸಿಟ್ಟೆ. ಆದರೂ ಧೈರ್ಯ ಸಾಲದು, ಬಿಗಿ ಮಾಡುವ ತನಕ ಪೆಡಲ್ ಒತ್ತಿ ಹಿಡಿಯಲು ಏನಾದರೂ ಬೇಕು. ಪೊರಕೆ ಗಿಡ್ಡವಾಯಿತು. ನೆಲ ಒರೆಸುವ ಕೋಲು ಬಾಗಿತು.

ಹಿಂದಿನ ಸೀಟಿನಿಂದ ತಂದೆ. ಸೀಟು ಹಿಂದಕ್ಕೆ ತಳ್ಳಿ ಒಂದು ತುದಿ ಅದಕ್ಕೆ ಒತ್ತಿಸಿ, ಇನ್ನೊಂದು ತುದಿ ಪೆಡಲಿಗೆ. ಮಾವನ ಕೈ ಹಿಡಿದು ಹಿಡಿದು ನುಣ್ಣಗಾದ ಜಾಗ ಪೆಡಲಿನ ಕಡೆ ಬರಬಾರದು ಅಂತ ತಿರುಗಿಸಿ ಇಟ್ಟೆ. ಕೂತಿತು. ಅಳತೆ ತಗೊಂಡು ಮಾಡಿಸಿದ ಹಾಗೆ.

ಗೋಣಿಚೀಲ ಹಾಸಿಕೊಂಡು ಹಿಂದಿನ ಎಡ ಚಕ್ರದ ಕೆಳಗೆ ಮಲಗಿದೆ. ನಿಪ್ಪಲ್ ಸಡಿಲಿಸಿದೆ. ಗುಳ್ಳೆ ಬಂತು. ಪೆಡಲ್ ಇಳಿದಿರಬೇಕು, ಟಣ್ ಅಂತ ಕೋಲು ಬಿದ್ದ ಸದ್ದು. ಹಿಡಿದುಕೊಳ್ಳುತ್ತದೆ ಅಷ್ಟೇ, ಜೊತೆಗೆ ಇಳಿಯುವುದು ಅದಕ್ಕೆ ಗೊತ್ತಿಲ್ಲ. ಬಿಗಿ ಮಾಡಿ, ಎದ್ದು ಹೋಗಿ, ಒತ್ತಿ, ಮತ್ತೆ ಇಟ್ಟೆ. ಮತ್ತೆ ಮಲಗಿದೆ. ಮತ್ತೆ ಬಿತ್ತು. ಮತ್ತೆ ಇಟ್ಟೆ.

ಎಷ್ಟನೇ ಸಲವೋ, ಸ್ಪ್ಯಾನರ್ ಹಚ್ಚಿ, ಅಭ್ಯಾಸ ನೋಡು, ‘ಹಿಡ್ಕಂಡ್ರಾ ಮಾವ?’ ಅಂದೆ.

ಅಂದು, ತಿರುಗಿಸದೆ, ಹಾಗೇ ಕಾದೆ. ಉತ್ತರ ಬರದೆ ನಿಪ್ಪಲ್ ಬಿಚ್ಚಬಾರದು ಅಂತ ನಾನೇ ಮಾಡಿದ ರೂಲು. ಆಮೇಲೆ ನಾನೇ, ಮೆಲ್ಲಗೆ, ಅವರ ಹಾಗೆ —